ಬಲಗಡೆಗೆ ಕಿವಿ

ಊಟದ ಮೇಜನ್ನು ಗೋಡೆಗೆ ಸರಿಸಿ, ಖಾಲಿಯಾದ ನೆಲದ ಮೇಲೆ ನನ್ನ ಹೆಂಡತಿ ಸೀಮೆಸುಣ್ಣದಿಂದ ಸರೋವರದ ದೋಣಿಕಟ್ಟೆಯನ್ನು ಬರೆದಿದ್ದಳು. ಅಡುಗೆಮನೆಯ ಬಾಗಿಲು ಕಟ್ಟೆಯ ಬಾಯಿ. ಫ್ರಿಜ್ಜು ಇಂಧನ ತುಂಬಿಸುವ ಜಾಗ. ಕಿಟಕಿಯ ಕೆಳಗೆ ಎಳೆದ ಎರಡು ಉದ್ದ ಗೆರೆಗಳ ನಡುವೆ ನಮ್ಮ ದೋಣಿ ಕಟ್ಟುವ ಜಾಗ. ದೋಣಿಯೆಂದರೆ ಚಕ್ರದ ಕುರ್ಚಿ. ಅದರ ಮೇಲೆ ನಾನು, ಸ್ಟೀರಿಂಗ್ ಬದಲು ದೊಡ್ಡ ಪಾತ್ರೆಯ ಮುಚ್ಚಳ ಹಿಡಿದು ಕುಳಿತಿದ್ದೆ.

"ಹೊರಡೋಕೆ ಮುಂಚೆ?" ಎಂದು ಅವಳು ಕೇಳಿದಳು.

"ಇಂಧನ ನೋಡ್ಬೇಕು. ಹಗ್ಗ ನೀರಿಗೆ ಬಿದ್ದಿಲ್ಲ ಅಂತ ನೋಡ್ಬೇಕು. ಎಲ್ಲರೂ ಲೈಫ್ ಜಾಕೆಟ್ ಹಾಕ್ಕೊಂಡಿದಾರಾ ನೋಡ್ಬೇಕು."

"ಆಮೇಲೆ ತಲೆ?"

"ಎಡ, ಮುಂದೆ, ಎಡ, ಹಿಂದೆ."

"ಬಲಗಡೆಗೆ?"

"ಕಿವಿ."

"ಹಾಂ, ಹೊರಡಿ. ನಿಧಾನ ರೀ, ಹೋದ ಸಲ ಫ್ರಿಜ್ಜಿಗೆ ಗುದ್ದಿದ್ರಿ."

ನಾನು ಕಾಲಿನಿಂದ ನೆಲ ಒದ್ದು ಕುರ್ಚಿಯನ್ನು ಹಿಂದಕ್ಕೆ ತಳ್ಳಿದೆ. ಐವತ್ತನಾಲ್ಕು ವರ್ಷದ ಗಂಡಸು ಲುಂಗಿ ಉಟ್ಟುಕೊಂಡು ಹೀಗೆ ಮನೆಯೊಳಗೆ ದೋಣಿ ನಡೆಸುವುದನ್ನು ಕಿಟಕಿಯಾಚೆಯ ಪಕ್ಕದ ಮನೆಯವರು ಎರಡು ತಿಂಗಳಿನಿಂದ ನೋಡುತ್ತಿದ್ದರು. ಮೊದಮೊದಲು ಪರದೆ ಎಳೆಯುತ್ತಿದ್ದೆವು. ಆಮೇಲೆ ಅದನ್ನೂ ಬಿಟ್ಟೆವು.

ದೋಣಿ ಅವಳದು. ಆರು ಜನ ಕೂರಬಹುದಾದ ಮೋಟಾರು ದೋಣಿ. ಲೈಸೆನ್ಸೂ ಅವಳದೇ, ಇಪ್ಪತ್ತೆರಡು ವರ್ಷ ಹಳೆಯದು. ನನಗೆ ನೀರೆಂದರೆ ತಲೆಸುತ್ತು. ಅವಳು ದೋಣಿ ನಡೆಸುವಾಗ ಹಿಂದಿನ ಬೆಂಚಿನಲ್ಲಿ ಪುಸ್ತಕ ಹಿಡಿದು ತಲೆ ತಗ್ಗಿಸಿ ಕೂರುವುದಷ್ಟೇ ನನ್ನ ಪಾಲಿನ ವಿಹಾರ. ಐವತ್ತು ತುಂಬಿದವರು ಲೈಸೆನ್ಸ್ ಮುಂದುವರಿಸಬೇಕಾದರೆ ಕಣ್ಣಿನ ದೊಡ್ಡ ಪರೀಕ್ಷೆ ಮಾಡಿಸಬೇಕು. ಗೋಡೆಯ ಮೇಲಿನ ಅಕ್ಷರ ಓದುವ ಪರೀಕ್ಷೆಯಲ್ಲ. ಡಬ್ಬಿಯೊಂದರಲ್ಲಿ ಮುಖವಿಟ್ಟು, ಅಂಚಿನಲ್ಲಿ ಮಿನುಗುವ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತುವ ಪರೀಕ್ಷೆ. ಕಳೆದ ಚಳಿಗಾಲದಲ್ಲಿ ಅವಳು ಗುಂಡಿ ಒತ್ತಬೇಕಾದ ಕಡೆ ಒತ್ತಲಿಲ್ಲ. ಕಣ್ಣಿನೊಳಗಿನ ಒತ್ತಡ ನರವನ್ನು ತಿಂದಿದೆ, ಬಲಗಣ್ಣು ಹೆಚ್ಚುಕಡಿಮೆ ಮುಗಿದಿದೆ, ಎಡಗಣ್ಣು ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತಿದೆ ಎಂದರು ಡಾಕ್ಟರು.

"ಯಾವಾಗಿಂದ ಹೀಗಿದೆ?" ಎಂದು ಕೇಳಿದರು.

"ಒಂದೆರಡು ವರ್ಷ ಇರಬೇಕು" ಎಂದಳು.

ಡಾಕ್ಟರು ಕಾಗದವನ್ನು ಇನ್ನೊಮ್ಮೆ ತಿರುವಿ ನೋಡಿದರು. "ಇಷ್ಟು ಬೇಗ ಇಷ್ಟಾಗೋದು ಕಮ್ಮಿ" ಎಂದರು. "ಶುರುವಿನಲ್ಲೇ ಬಂದಿದ್ರೆ ದಿನಾ ಹನಿ ಹಾಕ್ಕೊಂಡು ಅಲ್ಲೇ ನಿಲ್ಲಿಸಬಹುದಿತ್ತು. ಈಗ ಉಳಿದಿರೋದು ಆರು ತಿಂಗಳಿಗೆ ಎಷ್ಟಿರುತ್ತೆ, ನಾನು ಹೇಳಲಾರೆ."

ಅವಳದು ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳನ್ನು ಬಿಚ್ಚಿ ಮತ್ತೆ ಹೊಲಿಯುವ ಕೆಲಸ. ಈಗಲೂ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುತ್ತಾಳೆ. ಈ ಕಾಯಿಲೆಯಲ್ಲಿ ನಡುವಿನ ನೋಟ ಎಲ್ಲಕ್ಕಿಂತ ಕೊನೆಗೆ ಹೋಗುವಂಥದು. ಅಂಥವಳ ಕಣ್ಣು ಕೆಟ್ಟಿದೆ ಎಂದು ಯಾರು ತಾನೇ ಅಂದುಕೊಳ್ಳುತ್ತಾರೆ?

ಆಸ್ಪತ್ರೆಯಿಂದ ಮನೆಗೆ ಬಂದು ಅವಳು ಕೇಳಿದ್ದು ಒಂದೇ. ಸರೋವರದ ಆಚೆ ತುದಿಯಲ್ಲಿ ನದಿ ಬಂದು ಸೇರುತ್ತದೆ. ವರ್ಷಕ್ಕೆ ಎರಡು ಮೂರು ವಾರ ಮಾತ್ರ ನದಿ ಕೆಂಪು ಮಣ್ಣು ಹೊತ್ತು ಬರುತ್ತದೆ. ಆಗ ಕೆಂಪು ನೀರೂ ಸರೋವರದ ಹಸಿರು ನೀರೂ ಬೆರೆಯದೆ, ನಡುವೆ ಸ್ಕೇಲಿಟ್ಟು ಎಳೆದಂಥ ಗೆರೆಯಿಟ್ಟುಕೊಂಡು ಅಕ್ಕಪಕ್ಕ ಹರಿಯುತ್ತವೆ. ಸಾಂದ್ರತೆ, ಉಷ್ಣತೆ ಎಂದು ನಾನು ಅದಕ್ಕೆ ಕಾರಣ ಹೇಳಬಲ್ಲೆ. ಅವಳಿಗೆ ಕಾರಣ ಬೇಡ. ಆ ಗೆರೆಯ ಮೇಲೆ ದೋಣಿ ನಿಲ್ಲಿಸಿ, ಎಡಗೈಯನ್ನು ಒಂದು ಬಣ್ಣದಲ್ಲೂ ಬಲಗೈಯನ್ನು ಇನ್ನೊಂದರಲ್ಲೂ ಅದ್ದುತ್ತಿದ್ದಳು. ಅದನ್ನು ಇನ್ನೊಂದು ಸಲ ನೋಡಬೇಕು ಎಂದಳು.

ನನಗೆ ಕಲಿಸುವ ಮೇಷ್ಟ್ರು, ಹಳೆಯ ಫೆರಿ ಎಂಜಿನಿಯರು, "ಅದಕ್ಯಾಕೆ ಇಷ್ಟು ಕಷ್ಟ? ನಾನೇ ಕರ್ಕೊಂಡು ಹೋಗ್ತೀನಿ ಬನ್ನಿ ತಾಯಿ" ಎಂದಿದ್ದರು.

"ನಮ್ಮ ದೋಣೀಲಿ ನಾನು ಸಾಮಾನಿನ ಮೂಟೆ ಥರ ಕೂತ್ಕೊಂಡು ಬರೋಲ್ಲ ಮೇಷ್ಟ್ರೇ. ಇವರು ನಡೆಸಿದ್ರೆ ಅರ್ಧ ನಾನೇ ನಡೆಸಿದ ಹಾಗೆ" ಎಂದಿದ್ದಳು ಅವಳು.

ನದಿ ಕೆಂಪಾಗುವ ಹೊತ್ತಿಗೇ ಪ್ರಾಯೋಗಿಕ ಪರೀಕ್ಷೆ. ಅದು ತಪ್ಪಿದರೆ ಇನ್ನೊಂದು ಆರು ತಿಂಗಳ ಮೇಲೆ. ಜೊತೆಗೆ ಕಟ್ಟೆಯ ಕಚೇರಿಯವರ ಕಾಗದ: ಮನೆಯಲ್ಲಿ ಒಬ್ಬರಿಗಾದರೂ ಈ ತಿಂಗಳ ಕೊನೆಯೊಳಗೆ ಲೈಸೆನ್ಸ್ ಇರದಿದ್ದರೆ ದೋಣಿ ಕಟ್ಟುವ ಜಾಗ ಸರದಿಯಲ್ಲಿ ಕಾದಿರುವವರಿಗೆ ಹೋಗುತ್ತದೆ. ಅಂದರೆ ನಾನು ಒಂದೇ ಏಟಿಗೆ ಪಾಸಾಗಬೇಕು. ಆಗದಿದ್ದರೆ ಗೆರೆಯೂ ಇಲ್ಲ, ದೋಣಿಯೂ ಇಲ್ಲ.

ಹಾಗಾಗಿ ಅವಳು ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದುಕೊಂಡೆ. ನಾನು ತಕ್ಕಡಿ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಔಷಧಿ ಅಂಗಡಿಗಳ, ಆಸ್ಪತ್ರೆಗಳ ತಕ್ಕಡಿಗಳು ನಮ್ಮಲ್ಲಿಗೆ ಬರುತ್ತವೆ. ಮಿಲಿಗ್ರಾಮಿನ ಹತ್ತನೇ ಒಂದು ಪಾಲು ತಪ್ಪಿದರೂ ಹಿಡಿಯುತ್ತೇನೆ. ಬರೆದುಕೊಳ್ಳದೆ ನನಗೆ ಏನೂ ತಲೆಗೆ ಹತ್ತುವುದಿಲ್ಲ. ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಇದೆ: ಎಡ, ಮುಂದೆ, ಎಡ, ಹಿಂದೆ. ಬಲಗಡೆಯದನ್ನು ಕಿವಿಯಿಂದ ತಿಳಿಯುವುದು; ಎಂಜಿನ್ ಸದ್ದು ಕೇಳಿದರೆ ವೇಗ ತಗ್ಗಿಸುವುದು. ಬಲಕ್ಕೆ ಹೋಗಬೇಕಾದರೆ ಎಡಕ್ಕೆ ಒಂದು ಸುತ್ತು ಹಾಕಿ ಬರುವುದು. ಕಟ್ಟೆಗೆ ಯಾವಾಗಲೂ ಎಡಮೈ ಕೊಟ್ಟು ನಿಲ್ಲಿಸುವುದು. ಹೋದ ದಾರಿಯಲ್ಲೇ ಮರಳುವುದು.

"ಇದೆಲ್ಲ ಪುಸ್ತಕದಲ್ಲಿ ಇಲ್ವಲ್ಲೇ" ಎಂದು ಒಮ್ಮೆ ಕೇಳಿದೆ.

"ಪುಸ್ತಕ ಬರೆದೋರು ದೋಣಿ ನಡೆಸಿರಬೇಕಲ್ಲ" ಎಂದಳು. ಪಳಗಿದ ಕೈಯ ಗುಟ್ಟು ಇದ್ದೀತು ಎಂದುಕೊಂಡು ಆ ಪುಟಕ್ಕೆ ಕೆಂಪು ಗೆರೆ ಎಳೆದೆ.

ಮೇಷ್ಟ್ರು ವಾರಕ್ಕೆರಡು ಸಲ ನಿಜವಾದ ನೀರಿನ ಮೇಲೆ ಕಲಿಸುತ್ತಿದ್ದರು. ಭಾರೀ ಆಳು. ನನ್ನ ಬಲಕ್ಕೆ ಕುಳಿತರೆಂದರೆ ದೋಣಿ ಆ ಕಡೆಗೆ ಎರಡು ಬೆರಳು ವಾಲುತ್ತಿತ್ತು, ಆ ಕಡೆಯ ಲೋಕವೇ ಮುಚ್ಚಿಹೋಗುತ್ತಿತ್ತು. ಬಲಗಡೆಯಿಂದ ಏನಾದರೂ ಬಂದರೆ "ಬರ್ತಾವ್ನೆ, ಬಿಡಿ" ಎಂದು ಅವರೇ ಗೊಣಗುತ್ತಿದ್ದರು. ಇನ್ನುಳಿದದ್ದರಲ್ಲಿ ಅವರಿಗೆ ನನ್ನ ಮೇಲೆ ತಕರಾರಿರಲಿಲ್ಲ. "ಸಾರ್, ಗಂಟು ಹಾಕೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ. ಸ್ವಲ್ಪ ಉಸಿರಾಡಿ ಅಷ್ಟೇ" ಎನ್ನುತ್ತಿದ್ದರು.

ಪರೀಕ್ಷೆಗೆ ಹಗ್ಗ ಹಿಡಿಯಲು ಒಬ್ಬರನ್ನು ಕರೆತರಬಹುದಿತ್ತು. ನಾನು ಭಾವಮೈದನನ್ನು ಕರೆದೆ. ನನ್ನ ಹೆಂಡತಿಯ ತಮ್ಮ, ಊರ ಬಸ್ಸಿನ ಡ್ರೈವರು. ಬೆಳಗ್ಗೆ ಬಂದವನೇ ನಮ್ಮ ನೆಲದ ಮೇಲಿನ ದೋಣಿಕಟ್ಟೆಯನ್ನು ದಾಟಲು ಪ್ಯಾಂಟು ಮಡಚಿಕೊಂಡ.

"ಒದ್ದೆಯಾಗುತ್ತೆ ಅಂತ" ಎಂದ.

"ನಿನ್ನ ತಲೆ. ಚಪ್ಪಲಿ ಬಿಟ್ಟು ಬಾ, ಗೆರೆ ಅಳಿಸುತ್ತೆ" ಎಂದಳು ಅವಳು.

"ಅಕ್ಕ, ಭಾವನಿಗೆ ಯಾಕೆ ಈ ವಯಸ್ಸಲ್ಲಿ ಈ ಶಿಕ್ಷೆ? ಬಸ್ಸಿಗೆ ಬ್ರೇಕಿದೆ. ಇದಕ್ಕೇನಿದೆ?"

"ಇದಕ್ಕೆ ನಾನಿದೀನಿ" ಎಂದಳು. ನನ್ನ ಅಂಗಿಯ ಮೇಲಿನ ಗುಂಡಿ ಹಾಕಿದಳು. ಅದಕ್ಕೆ ಅವಳು ತೀರ ಹತ್ತಿರ ಬರಬೇಕಾಯಿತು. "ಕೈ ತಣ್ಣಗಿದೆ ರೀ. ಪಾಸಾಗ್ತೀರ. ಶನಿವಾರ ಹೊರಡೋಣ, ಫ್ಲಾಸ್ಕಿಗೆ ಟೀ ಹಾಕ್ಕೊಂಡು." ಅವಳು ಪರೀಕ್ಷೆಗೆ ಬರಲಿಲ್ಲ. ಕಟ್ಟೆಯ ಕಚೇರಿಯವರ ಕಣ್ಣಿಗೆ ಬೀಳುವುದು ಅವಳಿಗೆ ಬೇಡವಾಗಿತ್ತು.

ಪರೀಕ್ಷಕಿ ಬಿಳಿ ಟೋಪಿಯ, ಕತ್ತಿಗೆ ದಾರದಲ್ಲಿ ಪೆನ್ನು ತೂಗುಹಾಕಿಕೊಂಡ ಹೆಂಗಸು. ಮೇಷ್ಟ್ರು ದಡದಲ್ಲಿ ಉಳಿದರು. ಪರೀಕ್ಷಕಿ ನನ್ನ ಹಿಂದೆ ಎಡಕ್ಕೆ ಕುಳಿತರು, ಭಾವಮೈದ ಮುಂದೆ ಹಗ್ಗದ ಬಳಿ. ನನ್ನ ಬಲಗಡೆ ಮೊದಲ ಸಲ ಖಾಲಿಯಿತ್ತು. ಆ ಕಡೆಯಿಂದ ಗಾಳಿ ಕೆನ್ನೆಗೆ ಬಡಿದದ್ದು ನೆನಪಿದೆ.

ಮೊದಲ ಅರ್ಧ ಗಂಟೆ ನಾನು ತಪ್ಪು ಮಾಡಲಿಲ್ಲ. ಗಂಟುಗಳು ಸರಿಯಾದವು. ಕಟ್ಟೆಯಿಂದ ದೋಣಿಯನ್ನು ಗೀರಿಲ್ಲದೆ ಬಿಡಿಸಿಕೊಂಡೆ. ಪರೀಕ್ಷಕಿ ಹಳೆಯ ಜಾಕೆಟ್ ತೊಡಿಸಿದ ಮರಳಿನ ಚೀಲವೊಂದನ್ನು ನೀರಿಗೆಸೆದು "ಒಬ್ಬರು ಬಿದ್ರು" ಎಂದರು. ಎಡಕ್ಕೆ ಸುತ್ತು ಹಾಕಿ, ಎಂಜಿನ್ ತಟಸ್ಥಕ್ಕೆ ತಂದು, ಚೀಲವನ್ನು ಎಡಮಗ್ಗುಲಿಗೆ ತಂದೆ. ಭಾವಮೈದ ಅದನ್ನು ಮೇಲೆಳೆದು "ಟಿಕೆಟ್ ತಗೊಂಡಿದೀರಾ?" ಎಂದು ಅದನ್ನೇ ಕೇಳಿದ. ಪರೀಕ್ಷಕಿ ಕೂಡ ನಕ್ಕಂತೆ ಕಂಡಿತು. ನಾನು ಆಗ, ಜೀವನದಲ್ಲಿ ಎಂದೂ ಮಾಡದ ಕೆಲಸ ಮಾಡಿದೆ: ಫಲಿತಾಂಶ ಬರುವ ಮೊದಲೇ ಸಂತೋಷಪಟ್ಟೆ. ಶನಿವಾರದ ಫ್ಲಾಸ್ಕು ಕಣ್ಣಿಗೆ ಕಟ್ಟಿತು.

"ಆ ಕೆಂಪು ಪೀಪಾಯಿ ಕಾಣ್ತಿದೆಯಲ್ಲ, ಅಲ್ಲಿಗೆ ನಡೀರಿ. ಅದೇ ಕೊನೇದು" ಎಂದರು ಪರೀಕ್ಷಕಿ.

ಎಡ ನೋಡಿದೆ. ಮುಂದೆ ನೋಡಿದೆ. ಎಡ, ಹಿಂದೆ. ಬಲಗಡೆಗೆ ಕಿವಿಕೊಟ್ಟೆ. ಸದ್ದಿರಲಿಲ್ಲ. ವೇಗ ಏರಿಸಿದೆ.

"ಭಾವ! ಬಲಕ್ಕೆ! ಬಲಕ್ಕೆ ನೋಡಿ!" ಎಂದು ಭಾವಮೈದ ಕಿರುಚಿದ. ಅಷ್ಟರಲ್ಲಿ ಪರೀಕ್ಷಕಿಯ ಕೈ ನನ್ನ ಕೈಯ ಮೇಲೆ ಬಂದು ವೇಗದ ಹಿಡಿಕೆಯನ್ನು ಹಿಂದಕ್ಕೆಳೆದಿತ್ತು. ದೋಣಿ ಮುಗ್ಗರಿಸಿ ನಿಂತಿತು. ನಾಲ್ಕು ಮಾರು ದೂರದಲ್ಲಿ ಒಂದು ಬ್ಯಾಟರಿ ದೋಣಿ, ಸದ್ದೇ ಮಾಡದ ಜಾತಿಯದು, ನಮ್ಮ ಮೂಗಿನ ಮುಂದೆ ಹಾದುಹೋಯಿತು. ಅದರಲ್ಲಿ ಮುದುಕರಿಬ್ಬರು, ಒಂದು ನಾಯಿ. ಅವರಲ್ಲೊಬ್ಬ ನಮಗೆ ಏನೋ ಬೈದ. ನಾಯಿ ಬೊಗಳಲೂ ಇಲ್ಲ, ನನ್ನನ್ನೇ ನೋಡುತ್ತ ಹೋಯಿತು.

ದಡಕ್ಕೆ ದೋಣಿಯನ್ನು ಪರೀಕ್ಷಕಿಯೇ ತಂದರು. ಕಟ್ಟೆಯ ಮೇಲೆ ನಿಂತು ಫಾರಮ್ಮು ತುಂಬುತ್ತ ಕೇಳಿದರು:

"ಬರವಣಿಗೆಯ ಪರೀಕ್ಷೆಯಲ್ಲಿ ಎಷ್ಟು ಬಂದಿತ್ತು?"

"ಐವತ್ತಕ್ಕೆ ನಲವತ್ತೊಂಬತ್ತು."

"ಬಲಗಡೆಯಿಂದ ಬರೋ ದೋಣಿಗೆ?"

"ದಾರಿ ಬಿಡ್ಬೇಕು."

"ಬಿಡೋಕೆ ಮುಂಚೆ ನೋಡ್ಬೇಕಲ್ಲ ಸಾರ್." ಗದರಿಸುವ ಧ್ವನಿಯಲ್ಲ ಅದು. "ನಲವತ್ತು ನಿಮಿಷದಲ್ಲಿ ಒಂದೇ ಒಂದು ಸಲವೂ ನಿಮ್ಮ ತಲೆ ಬಲಕ್ಕೆ ತಿರುಗಲಿಲ್ಲ. ಎಣಿಸ್ತಾ ಇದ್ದೆ. ಕುತ್ತಿಗೆ ನೋವಾ?"

"ಇಲ್ಲ."

"ಹಾಗಾದ್ರೆ ಕಣ್ಣು ತೋರಿಸ್ಕೊಳ್ಳಿ. ಬಲಗಣ್ಣು ಹೋದೋರು ಹೀಗೇ ನಡೆಸ್ತಾರೆ. ಎಡಕ್ಕೇ ಸುತ್ತು ಹಾಕೋದು, ಎಡಮೈ ಕೊಟ್ಟೇ ನಿಲ್ಲಿಸೋದು. ಹದಿನೆಂಟು ವರ್ಷದಲ್ಲಿ ಮೂರು ಜನರನ್ನ ನೋಡಿದೀನಿ. ಮೂರೂ ಜನ ತಮಗೆ ಚೆನ್ನಾಗಿ ಕಾಣುತ್ತೆ ಅಂತಲೇ ಹೇಳ್ತಿದ್ರು."

ಮೇಷ್ಟ್ರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ನನ್ನ ತಪ್ಪು. ನಾನು ಆ ಕಡೆ ಕೂತಿರ್ತಿದ್ನಲ್ಲ. ನನ್ನ ಮುಖ ನೋಡೋಕೆ ಇಷ್ಟ ಇಲ್ಲ ನಿಮಗೆ ಅಂದ್ಕೊಂಡಿದ್ದೆ" ಎಂದರು. 

ಬಸ್ ನಿಲ್ದಾಣದ ಬೆಂಚಿನ ಮೇಲೆ ನಾನೂ ಭಾವಮೈದನೂ ಕುಳಿತೆವು. ಎರಡು ಬಸ್ಸು ಹೋದವು. ಎರಡರ ಡ್ರೈವರುಗಳೂ ಅವನಿಗೆ ಕೈ ಬೀಸಿದರು. ಅವನು ಎದ್ದೇಳಲಿಲ್ಲ.

"ನಾನು ಕನ್ನಡಿ ನೋಡಿ ಬದುಕೋನು ಭಾವ" ಎಂದ ಕೊನೆಗೆ. "ಒಂದು ಕನ್ನಡಿ ಒಡೆದ್ರೆ ಬಸ್ ಹೊರಗೆ ತೆಗೆಯೋಲ್ಲ. ನಿಮಗೆ ಹೀಗೆ ನಡೆಸೋದು ಹೇಳಿಕೊಟ್ಟೋರು ಯಾರು?"

"ನಿಮ್ಮಕ್ಕ."

ಅವನು ನೆಲ ನೋಡುತ್ತ ಕೂತ. ಆಮೇಲೆ, "ನಿಮ್ಮ ಮಗಳು ದೋಣೀಲಿ ಆಡ್ತಿದ್ದ ಆಟ ನೆನಪಿದೆಯಾ?" ಎಂದ.

ನೆನಪಿತ್ತು. ನಾನು ಅದನ್ನೇ ನೆನೆಯುತ್ತಿದ್ದೆ. ಮಗಳಿಗೆ ದೋಣಿಯಲ್ಲಿ ಬಲಗಡೆಯ ಸೀಟು ಖಾಯಂ. ಬಲಗಡೆ ದೋಣಿ ಕಂಡರೆ ಕೂಗಿ ಹೇಳಬೇಕು; ಒಂದಕ್ಕೆ ಒಂದು ಪೆಪ್ಪರ್‌ಮೆಂಟು. "ಅಮ್ಮಾ, ದೋಣಿ!" ಎಂದು ಅವಳು ಕೂಗುವುದು, ಇವಳು "ಭೇಷ್" ಎಂದು ಜೇಬಿನಿಂದ ಪೆಪ್ಪರ್‌ಮೆಂಟು ತೆಗೆಯುವುದು, ನಾನು ಹಿಂದೆ ಕುಳಿತು ಮಗುವಿನ ಹಲ್ಲು ಹಾಳಾಗುತ್ತದೆ ಎಂದು ರೇಗುವುದು. ಆಟ ಶುರುವಾದಾಗ ಮಗಳಿಗೆ ಏಳು ವರ್ಷ. ಈಗ ಹತ್ತೊಂಬತ್ತು; ಹಾಸ್ಟೆಲಿನಲ್ಲಿದ್ದಾಳೆ. ಅವಳು ಹಾಸ್ಟೆಲಿಗೆ ಹೋದ ಮೇಲೆ ನನ್ನ ಹೆಂಡತಿ ದೂರ ಹೋಗುವುದನ್ನು ನಿಲ್ಲಿಸಿದ್ದಳು. ಮಗಳಿಲ್ಲದೆ ಬೇಜಾರು ಎಂದಿದ್ದಳು. ನಂಬಿದ್ದೆ.

ಹತ್ತೊಂಬತ್ತರಲ್ಲಿ ಏಳು ಕಳೆದರೆ ಹನ್ನೆರಡು. ಹನ್ನೆರಡು ವರ್ಷ ಹಾಕಿಕೊಳ್ಳದ ಹನಿ.

ನಮ್ಮ ಪ್ರಯೋಗಾಲಯದಲ್ಲಿ ಹೊಸಬರಿಗೆ ಮೊದಲ ದಿನ ನಾನೇ ಪಾಠ ಹೇಳುವುದು. ತಪ್ಪು ಎರಡು ಬಗೆ. ಒಂದು, ಒಮ್ಮೆ ಆ ಕಡೆ ಒಮ್ಮೆ ಈ ಕಡೆ ವಾಲುವ ತಪ್ಪು. ಹತ್ತು ಸಲ ತೂಗಿದರೆ ತನ್ನಷ್ಟಕ್ಕೆ ಕರಗುತ್ತದೆ. ಇನ್ನೊಂದು, ತಕ್ಕಡಿಯೊಳಗೇ ಕುಳಿತ ತಪ್ಪು. ಸಾವಿರ ಸಲ ತೂಗಿದರೂ ಅದೇ ಉತ್ತರ ಕೊಡುತ್ತದೆ, ಅದೇ ಉತ್ತರ ಬಂತೆಂದು ನಮಗೆ ಧೈರ್ಯವೂ ಬರುತ್ತದೆ. ಅದನ್ನು ಹಿಡಿಯಬೇಕಾದರೆ ಬೇರೆ ತಕ್ಕಡಿ ಬೇಕು. ಎರಡು ತಿಂಗಳು ನಾನು ಚಕ್ರದ ಕುರ್ಚಿಯ ಮೇಲೆ ಕುಳಿತು ಅವಳ ಕುರುಡನ್ನು ಅಭ್ಯಾಸ ಮಾಡಿದ್ದೆ, ದಿನಾಂಕ ಹಾಕಿ ಬರೆದುಕೊಂಡಿದ್ದೆ, ಕೆಂಪು ಗೆರೆ ಎಳೆದಿದ್ದೆ. ಊರಿನ ತಕ್ಕಡಿಗಳನ್ನೆಲ್ಲ ಹಿಡಿದವನು, ಒಂದೇ ಮನೆಯಲ್ಲಿ ಇಪ್ಪತ್ತೈದು ವರ್ಷ ಇದ್ದು ಇದನ್ನು ಹಿಡಿಯಲಿಲ್ಲ.

"ಅಕ್ಕನಿಗೆ ಹೇಳ್ತೀರಾ?" ಎಂದು ಕೇಳಿದ.

"ಹೇಳಿ ಏನು ಮಾಡಲಿ?"

"ಹೇಳಬೇಡಿ" ಎಂದ ಅವನು. ಮೂರನೇ ಬಸ್ಸು ಬಂತು.

ಅವಳು ಬಾಗಿಲಲ್ಲೇ ನಿಂತಿದ್ದಳು. ನನ್ನ ಹೆಜ್ಜೆಯ ಸದ್ದಿನಲ್ಲೇ ತಿಳಿದಿರಬೇಕು. ಪಾಸಾ ಎಂದು ಕೇಳಲಿಲ್ಲ. "ಯಾವುದರಲ್ಲಿ?" ಎಂದಳು.

"ಗಂಟಿನಲ್ಲಿ" ಎಂದೆ.

"ಕಾಗದ ಕೊಟ್ಟಿರ್ತಾರಲ್ಲ. ಓದಿ."

ಕಾಗದ ತೆಗೆದೆ. ಒಂದೇ ಸಾಲು: ಬಲಬದಿಯ ವೀಕ್ಷಣೆ ಒಮ್ಮೆಯೂ ಇಲ್ಲ, ಅಪಾಯಕರ. "ಹಗ್ಗದ ಗಂಟು ಸಡಿಲ" ಎಂದು ಓದಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಅವಳಿಗೆ ಉಳಿದಿದ್ದ ಅಷ್ಟು ಚಿಕ್ಕ ಕಿಂಡಿಯಲ್ಲಿ ನನ್ನ ಮುಖವನ್ನೇ ತುಂಬಿಕೊಂಡು.

"ಸರಿ. ಆರು ತಿಂಗಳಿಗೆ ಮತ್ತೆ ಬರುತ್ತಲ್ಲ. ಕೂತ್ಕೊಳ್ಳಿ" ಎಂದಳು. "ಈಗಲೇ. ಮೈಯಲ್ಲಿ ಇನ್ನೂ ನೀರಿನ ನೆನಪಿರುತ್ತೆ."

 ಕುರ್ಚಿಯಲ್ಲಿ ಕೂತೆ. ಮುಚ್ಚಳ ಕೈಗೆ ಕೊಟ್ಟಳು. ನನ್ನ ಹಿಂದೆ ಬಂದು ನಿಂತಳು.

"ತಲೆ?"

"ಎಡ, ಮುಂದೆ, ಎಡ, ಹಿಂದೆ" ಎಂದೆ.

"ಬಲಗಡೆಗೆ?"

 ತಲೆ ತಾನಾಗಿ ಬಲಕ್ಕೆ ತಿರುಗಿತು. ಅದರ ಜೊತೆಗೆ ಹೆಗಲು, ಸೊಂಟ. ಹಳೆಯ ಕುರ್ಚಿ ಕಿರ್ರೆಂದಿತು. ಎರಡು ತಿಂಗಳಲ್ಲಿ ಆ ಕುರ್ಚಿ ಆ ಕಡೆಗೆ ಒಮ್ಮೆಯೂ ಸದ್ದು ಮಾಡಿರಲಿಲ್ಲ.

ಅವಳು ಕುರ್ಚಿಯ ಬೆನ್ನು ಬಿಟ್ಟಳು. ಆಮೇಲೆ ನೆಲದ ಮೇಲೆ, ಕಟ್ಟೆಯ ಬಾಯಿಯ ಬಳಿ, ಕುಸಿದು ಕೂತಳು.

"ಯಾರು ಹೇಳಿದ್ರು?"

"ಪರೀಕ್ಷಕಿ. ನನ್ನ ಬಲಗಣ್ಣು ತೋರಿಸ್ಕೊಳ್ಳೋಕೆ ಹೇಳಿದ್ರು."

ಅವಳು ನಕ್ಕಳು. ಅದು ನಗುವೇ. ಅರ್ಧದಲ್ಲಿ ನಿಂತಿತು. "ಅಷ್ಟು ಚೆನ್ನಾಗಿ ಕಲಿತ್ರಾ?" ಎಂದಳು.

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಡಾಕ್ಟರ ಹತ್ರ ಹೋಗ್ಬೇಕಿತ್ತು. ಹೋದ್ರೆ ಅವತ್ತೇ ಲೈಸೆನ್ಸು ಕಿತ್ಕೊಳ್ತಿದ್ರು."

"ಮಗು ಇರ್ತಿತ್ತಲ್ಲೇ ದೋಣೀಲಿ."

"ಮಗು ಇದ್ದಾಗಲೇ ದೂರ ಹೋಗ್ತಿದ್ದೆ. ಅವಳ ಕಣ್ಣಿತ್ತು." ಸೀಮೆಸುಣ್ಣದ ಗೆರೆಯನ್ನು ಬೆರಳಿನಿಂದ ಉಜ್ಜುತ್ತ ಹೇಳಿದಳು, "ನನಗೇನೂ ತಪ್ಪಿಹೋಗಿಲ್ಲ ರೀ. ಹೋಗೋವಾಗ ಬಲಗಡೆ ಇದ್ದಿದ್ದು ಬರೋವಾಗ ಎಡಗಡೆ ಸಿಗುತ್ತೆ. ಅದಕ್ಕೇ ಹೋದ ದಾರೀಲೇ ಬರ್ತಿದ್ದೆ. ಎಲ್ಲಾನೂ ನೋಡಿದೀನಿ."

ಸಿಟ್ಟು ಬರುತ್ತದೆ ಎಂದು ಕಾದೆ. ಬರಲಿಲ್ಲ. ಬಂದಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದವನಿಗೆ ಯಾರ ಮೇಲೆ ಸಿಟ್ಟು? ಅವಳು ಕೈಚಾಚಿ ನನ್ನ ಪಾದ ಹುಡುಕಿದಳು. ಪಾದ ಅವಳ ಬಲಕ್ಕಿತ್ತು; ಎರಡು ಸಲ ನೆಲವನ್ನೇ ಮುಟ್ಟಿದಳು. ನಾನೇ ಪಾದವನ್ನು ಸ್ವಲ್ಪ ಎಡಕ್ಕೆ ಸರಿಸಿದೆ.

ತಿಂಗಳ ಕೊನೆಯ ದಿನ ದೋಣಿಕಟ್ಟೆಗೆ ಹೋದೆವು. ದೋಣಿ ಮಾರಿದ್ದೆವು; ಕೊಂಡವರ ಊರು ಸರೋವರದ ಇನ್ನೊಂದು ಮೂಲೆಯಲ್ಲಿತ್ತು. ಅಲ್ಲಿಗೆ ಮುಟ್ಟಿಸಲು ಮೇಷ್ಟ್ರು ಒಪ್ಪಿದ್ದರು. ಅಷ್ಟು ಹೊತ್ತಿಗೆ ನದಿ ತಿಳಿಯಾಗಿತ್ತು, ಎಲ್ಲ ಕಡೆಯೂ ಒಂದೇ ನೀರು. ಮೇಷ್ಟ್ರು ಬನ್ನಿ ಎಂದು ಕರೆಯಲಿಲ್ಲ; ಅವಳು ಬರುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಕೆಳಗಿಳಿದು ಹಗ್ಗ ಬಿಚ್ಚಿದ್ದು ಅವಳೇ. ಸುರುಳಿ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿ, ದೋಣಿಯೊಳಗೆ ಇಟ್ಟಳು.

ದೋಣಿ ಕಟ್ಟೆಯ ಬಾಯಿ ದಾಟಿ ಬಲಕ್ಕೆ ಹೊರಳಿತು. ಅವಳು ನೇರ ಮುಂದಕ್ಕೇ ನೋಡುತ್ತಿದ್ದಳು, ಅಲ್ಲಿ ಖಾಲಿ ನೀರಿತ್ತು. ನಾನು ಅವಳ ಹೆಗಲು ಹಿಡಿದು ಬಲಕ್ಕೆ ತಿರುಗಿಸಲು ಹೋದೆ. ಹೆಗಲು ಬಗ್ಗಲಿಲ್ಲ.

"ಬೇಡ ರೀ. ಕೇಳಿಸ್ತಿದೆ" ಎಂದಳು.

ಎಂಜಿನ್ ಸದ್ದು ಸಣ್ಣದಾಗುತ್ತ ಹೋಯಿತು. ಇಂಧನದ ಜಾಗದಲ್ಲಿ ಯಾರೋ ಪಂಪು ಶುರುಮಾಡಿದರು. ಅದು ನಿಂತಾಗ ಬೇರೆ ಸದ್ದಿರಲಿಲ್ಲ.

"ಹೋಯ್ತಾ?" ಎಂದು ಕೇಳಿದಳು.

ದೋಣಿ ನನಗಿನ್ನೂ ಚೆನ್ನಾಗಿ ಕಾಣುತ್ತಿತ್ತು. ಬಿಳಿಯ ಮೈ, ಮೇಷ್ಟ್ರ ಭಾರಕ್ಕೆ ಒಂದು ಕಡೆ ಎರಡು ಬೆರಳು ವಾಲಿದ್ದು, ಬಲಗಡೆಯ ಖಾಲಿ ಸೀಟು ಕೂಡ.

"ಹೋಯ್ತು" ಎಂದೆ.